ಫಿಟ್ಸ್ ಮಾತ್ರೆಯಿಂದಲೇ ಮರೆವೇ? ಪತ್ತೆ ಹಚ್ಚುವ ಬಗೆ

ವರ್ಷಗಟ್ಟಲೆ ಫಿಟ್ಸ್ ಮಾತ್ರೆ ನುಂಗಿದವರು ತಲೆ ಮಂಕಾಗಿದೆ, ಹೆಸರು ನೆನಪಾಗುತ್ತಿಲ್ಲ ಎಂದರೆ ಮನೆಯವರು ಮಾತ್ರೆಯನ್ನೇ ದೂರುತ್ತಾರೆ. ಅದು ಅರ್ಧ ನಿಜ. ಹತೋಟಿಗೆ ಬಾರದ ಫಿಟ್ಸ್, ನಿದ್ದೆಗೇಡು, ಖಿನ್ನತೆ, ಮೆದುಳಿನ ಹಳೆಯ ಗಾಯ ಕೂಡ ನೆನಪಿನ ಶಕ್ತಿಯನ್ನು ಕುಗ್ಗಿಸುತ್ತವೆ. ಇದನ್ನು ವಿಚಾರಿಸದೆ ಮಾತ್ರೆ ನಿಲ್ಲಿಸಿದರೆ ಒಂದರ ಹಿಂದೊಂದು ಫಿಟ್ಸ್ ಬಂದು ಜೀವಕ್ಕೇ ಕುತ್ತಾಗಬಹುದು. ಗಾರ್ಡಿನಾಲ್ (ಫೀನೋಬಾರ್ಬಿಟೋನ್), ಫ್ರಿಸಿಯಂ (ಕ್ಲೋಬಜಾಮ್) ಮಾತ್ರೆಗಳನ್ನಂತೂ ವೈದ್ಯರೇ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹಂತಹಂತವಾಗಿ ಇಳಿಸುತ್ತಾರೆ.

ಮೊದಲು ನಾಲ್ಕು ವಾರ ಒಂದು ನೋಟ್‌ಬುಕ್ ಇಡಿ. ಮಾತ್ರೆಯ ಹೆಸರು, ಮಿಲಿಗ್ರಾಂ, ನುಂಗಿದ ಗಂಟೆ, ಫಿಟ್ಸ್ ಬಂದ ದಿನ, ನಿದ್ದೆ ಎಷ್ಟು ಎಂಬುದನ್ನೆಲ್ಲ ಬರೆಯಿರಿ. ‘ಮರೆವು’ ಅಂತಷ್ಟೇ ಬರೆದರೆ ವೈದ್ಯರಿಗೆ ಏನೂ ತಿಳಿಯದು. ‘ಬೆಳಿಗ್ಗೆ 10ಕ್ಕೆ ಮಾತಿನ ಮಧ್ಯೆ ಪದ ಸಿಗಲಿಲ್ಲ’ ಎಂದು ಬರೆದರೆ ತಿಳಿಯುತ್ತದೆ. ಮಾತ್ರೆ ನುಂಗಿದ ಒಂದೆರಡು ಗಂಟೆಗೆ ತಲೆಸುತ್ತು, ಒಂದು ವಸ್ತು ಎರಡಾಗಿ ಕಾಣುವುದು ಶುರುವಾಗಿ ಆಮೇಲೆ ಇಳಿದರೆ ಮಾತ್ರೆಯ ಮೇಲೇ ಅನುಮಾನ ಪಡಬೇಕು. ಟೆಗ್ರಿಟಾಲ್ (ಕಾರ್ಬಮಜೆಪಿನ್) ಮಾತ್ರೆಯಲ್ಲಿ ಇದು ಸಾಮಾನ್ಯ. ನಿಧಾನವಾಗಿ ಕರಗುವ ಸಿಆರ್ ಮಾತ್ರೆಗೆ ಬದಲಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ.

ಒಂದೊಂದು ಔಷಧಿಯ ಗುಣ ಒಂದೊಂದು. ಟೊಪಿರಮೇಟ್‌ನಿಂದ ಪದಗಳು ನಾಲಿಗೆಯ ತುದಿಯಲ್ಲೇ ಸಿಕ್ಕಿಬೀಳುತ್ತವೆ. ಫೀನೋಬಾರ್ಬಿಟೋನ್ ದೊಡ್ಡವರಿಗೆ ಜಡತೆ ತರುತ್ತದೆ, ಮಕ್ಕಳಲ್ಲಿ ಅತಿಚಟುವಟಿಕೆಯೂ ಬರಬಹುದು, ಕಲಿಕೆಯೂ ಹಿಂದುಳಿಯಬಹುದು. ಲೆವೆಟಿರಾಸಿಟಾಮ್ ಬುದ್ಧಿಗಿಂತ ಸ್ವಭಾವವನ್ನೇ ಹೆಚ್ಚು ಕದಡುತ್ತದೆ, ಮನೆಯವರಿಗೆ ಮೊದಲು ಕಾಣುವುದು ಸಿಡುಕು. ಲಾಮೋಟ್ರಿಜಿನ್ ಹೋಲಿಕೆಯಲ್ಲಿ ಸೌಮ್ಯ.

ನಮ್ಮಲ್ಲಿ ಎಪ್ಟೋಯಿನ್ (ಫೆನಿಟೋಯಿನ್) ಬಳಕೆ ಬಹಳ, ಅದರ ಎಡವಟ್ಟೂ ವಿಚಿತ್ರ. ಫೆನಿಟೋಯಿನ್ ಕರಗಿಸುವ ಯಕೃತ್ತಿನ ಕಿಣ್ವಕ್ಕೆ ಒಂದು ಮಿತಿಯಿದೆ. 300 ಮಿ.ಗ್ರಾಂನಲ್ಲಿ ಚೆನ್ನಾಗಿದ್ದವರು 400ಕ್ಕೆ ಏರಿದರೆ ರಕ್ತದ ಮಟ್ಟ ಲೆಕ್ಕ ಮೀರಿ ಜಿಗಿಯಬಹುದು. ಆಗ ಪಕ್ಕಕ್ಕೆ ನೋಡಿದರೆ ಕಣ್ಣುಗುಡ್ಡೆ ಅದುರುತ್ತದೆ, ನಡಿಗೆ ಕುಡಿದವರಂತೆ ತೂರಾಡುತ್ತದೆ, ಮಾತು ತೊದಲುತ್ತದೆ. ವರ್ಷಗಟ್ಟಲೆ ಬಳಸಿದವರಲ್ಲಿ, ಮಟ್ಟ ಹೆಚ್ಚಾಗಿಯೇ ಉಳಿದವರಲ್ಲಿ ವಿಶೇಷವಾಗಿ, ನಡಿಗೆಯ ಸಮತೋಲನ ಕಾಯುವ ಕಿರುಮೆದುಳು ಸವೆಯಬಹುದು, ಆ ಹಾನಿ ಪೂರ್ತಿ ವಾಪಸಾಗದೇ ಇರಬಹುದು. ಹಾಗಾಗಿ ತೂರಾಟ ಕಂಡರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ.

ಫೆನಿಟೋಯಿನ್ ಮಟ್ಟಕ್ಕೆ ರಕ್ತ ಕೊಡುವುದು ಬೆಳಗಿನ ಮಾತ್ರೆಗೆ ಮುಂಚೆ. ಪ್ರತಿ ಮಿಲಿಲೀಟರಿಗೆ 10ರಿಂದ 20 ಮೈಕ್ರೋಗ್ರಾಂ ವಾಡಿಕೆಯ ಮಿತಿ. ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನ್ ಕಡಿಮೆಯಿದ್ದರೆ ವರದಿ ಸರಿಯೆಂದು ಕಂಡರೂ ವಿಷದ ಲಕ್ಷಣ ಇರಬಹುದು, ಆದ್ದರಿಂದ ಅದನ್ನೂ ನೋಡಿಸಿ. ಕಂಪನಿ ಬದಲಾದರೂ ಮಟ್ಟ ಏರುಪೇರಾಗಬಹುದು, ಮೆಡಿಕಲ್ ಶಾಪಿನವರು ‘ಇದೂ ಅದೇ’ ಎಂದರೆ ವೈದ್ಯರನ್ನು ಕೇಳಿ.

ಟೆಗ್ರಿಟಾಲ್, ಆಕ್ಸ್‌ಕಾರ್ಬಜೆಪಿನ್ ತೆಗೆದುಕೊಳ್ಳುವವರಿಗೆ ಸೋಡಿಯಂ ಪರೀಕ್ಷೆ, ವಾಲ್‌ಪ್ರೊಯೇಟ್ ನುಂಗುವವರು ಹೊಸದಾಗಿ ಮಂಪರು, ಗೊಂದಲಕ್ಕೆ ಬಿದ್ದರೆ ಅಮೋನಿಯಾ ಪರೀಕ್ಷೆ ಬೇಕು. ಲಿವರ್ ವರದಿ ಸರಿಯಿದ್ದರೂ ಅಮೋನಿಯಾ ಏರಿರಬಹುದು. ಬಿ12, ಥೈರಾಯ್ಡ್ ಕೂಡ ಜೊತೆಗೇ ನೋಡಿಸಿ. ಗರ್ಭ ಧರಿಸುವ ವಯಸ್ಸಿನವರು ವಾಲ್‌ಪ್ರೊಯೇಟ್‌ನಲ್ಲಿದ್ದರೆ ಮಗು ಮಾಡಿಕೊಳ್ಳುವ ಮೊದಲೇ ನರರೋಗ ತಜ್ಞರನ್ನು ಕಾಣಬೇಕು, ಡೋಸ್ ಹೆಚ್ಚಿದಷ್ಟೂ ಮಗುವಿನ ಬುದ್ಧಿಮತ್ತೆಗೆ ಪೆಟ್ಟು ಹೆಚ್ಚು.

ವೈದ್ಯರ ಮುಂದೆ ಎರಡು ಪ್ರಶ್ನೆ ಇಡಿ: ಒಂದಕ್ಕಿಂತ ಹೆಚ್ಚು ಬಗೆಯ ಮಾತ್ರೆ ನುಂಗುತ್ತಿದ್ದರೆ ಅವುಗಳಲ್ಲಿ ಒಂದನ್ನು ಕಡಿಮೆ ಮಾಡಬಹುದೇ? ಈ ಡೋಸ್ ಈಗಲೂ ಇಷ್ಟು ಬೇಕೇ? ಔಷಧಿಗಳ ಸಂಖ್ಯೆ, ಡೋಸ್ ಹೆಚ್ಚಿದಷ್ಟೂ ಮಂಕು ಹೆಚ್ಚು. ಬದಲಾವಣೆಗೆ ಮುಂಚೆ, ಆಮೇಲೆ ಕೆಲ ತಿಂಗಳಿಗೆ ಸ್ಮರಣೆ, ಗಮನಗಳ ನರಮನೋವೈಜ್ಞಾನಿಕ ಪರೀಕ್ಷೆ ಮಾಡಿಸಿದರೆ ಗುಣ ಕಂಡಿದೆಯೇ ಎಂಬುದು ಅಂಕಿಯಲ್ಲೇ ಸಿಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಸೌಲಭ್ಯವಿದೆ, ಹೋಗುವಾಗ ಹಳೆಯ ಇಇಜಿ, ಎಂಆರ್‌ಐ ಫಿಲ್ಮ್‌ಗಳ ಜೊತೆ ಆ ನೋಟ್‌ಬುಕ್ಕನ್ನೂ ಒಯ್ಯಿರಿ.