ಹದಿನೈದು ತಟ್ಟೆಯ ಬಿಸಿಯೂಟ: ಮಲೆನಾಡಿನ ಸಣ್ಣ ಶಾಲೆಯ ಲೆಕ್ಕ

ಬಿಸಿಯೂಟದ ಅನುದಾನ ಬರುವುದು ತಲೆ ಲೆಕ್ಕದಲ್ಲಿ. 1ರಿಂದ 5ನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. 6ರಿಂದ 8ನೇ ತರಗತಿಗೆ ಇದರ ಒಂದೂವರೆ ಪಟ್ಟು. ಅಕ್ಕಿ ಬಿಟ್ಟು ಉಳಿದ ಸಾಮಾನು ಮತ್ತು ಇಂಧನಕ್ಕೆಂದು 2025ರ ಮೇ 1ರಿಂದ ಇರುವ ದರ ಕಿರಿಯರಿಗೆ 6 ರೂ. 78 ಪೈಸೆ, ಹಿರಿಯರಿಗೆ 10 ರೂ. 17 ಪೈಸೆ. ನೂರು ಮಕ್ಕಳಿರುವ ಕಡೆ ಕಿರಿಯರ ದರದ ಲೆಕ್ಕದಲ್ಲಿ ದಿನಕ್ಕೆ 678 ರೂಪಾಯಿ. ಹೊಸನಗರ, ತೀರ್ಥಹಳ್ಳಿ, ಸಾಗರದ ಒಳಭಾಗದ ಶಾಲೆಯಲ್ಲಿ 15 ಮಕ್ಕಳಿದ್ದರೆ 101 ರೂ. 70 ಪೈಸೆ. ಮಕ್ಕಳು ಕಮ್ಮಿಯೆಂದು ಒಲೆಗೆ ಬೇಕಾದ ಗ್ಯಾಸು ಅದೇ ಪ್ರಮಾಣದಲ್ಲಿ ಕಮ್ಮಿಯಾಗುವುದಿಲ್ಲ, ಸಂತೆಯಿಂದ ತರಕಾರಿ ತರುವ ಆಟೋದವರೂ ಬಾಡಿಗೆ ಇಳಿಸುವುದಿಲ್ಲ. ನಮ್ಮ ಕಡೆಯ ಬಿಸಿಯೂಟದ ಮೂಲ ತೊಂದರೆ ಇದು. ಮಿಕ್ಕಿದ್ದರಲ್ಲಿ ಬಹುಪಾಲು ಮಳೆಯದ್ದು.

ಮೊದಲು ಗ್ಯಾಸು. ಎಷ್ಟು ಖರ್ಚಾಗುತ್ತದೆಂದು ಅಂದಾಜಿನಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ, ಹಾಗಾಗಿ ತೂಗಬೇಕು. ಸಿಲಿಂಡರಿನ ಹಿಡಿಕೆಯ ಕೆಳಗಿನ ಪಟ್ಟಿಯಲ್ಲಿ ಖಾಲಿ ತೂಕ ನಮೂದಾಗಿರುತ್ತದೆ, 15.3 ಅಥವಾ 15.9 ಕೆಜಿ ಹೀಗೆ. ಅಡಿಕೆ ತೂಗುವ ನೇತುಹಾಕುವ ತಕ್ಕಡಿ ಯಾವ ಊರಲ್ಲೂ ಸಿಗುತ್ತದೆ. ಶನಿವಾರ ಊಟ ಮುಗಿದ ಮೇಲೆ ರೆಗ್ಯುಲೇಟರ್ ತೆಗೆದು ಸಿಲಿಂಡರ್ ತೂಗಿ, ಖಾಲಿ ತೂಕ ಕಳೆದರೆ ಉಳಿದ ಗ್ಯಾಸು ಗೊತ್ತಾಗುತ್ತದೆ. ಹೋದ ವಾರದ ತೂಕದಲ್ಲಿ ಇದನ್ನು ಕಳೆದು, ಅಡುಗೆ ಮಾಡಿದ ದಿನಗಳಿಂದ ಭಾಗಿಸಿದರೆ ದಿನದ ಖರ್ಚು. ತೆರೆದ ಪಾತ್ರೆಯಲ್ಲಿ ಅನ್ನ ಮಾಡುತ್ತಿದ್ದಾಗ ನಮ್ಮಲ್ಲಿ ದಿನಕ್ಕೆ 450 ಗ್ರಾಂ ಹತ್ತಿರ ಹೋಗುತ್ತಿತ್ತು. ಕುಕ್ಕರಿಗೆ ಬದಲಾಯಿಸಿದ ಮೇಲೆ 300ರ ಆಸುಪಾಸಿಗೆ ನಿಂತಿದೆ. ಅಂದರೆ 14.2 ಕೆಜಿಯ ಒಂದು ಸಿಲಿಂಡರ್ 31 ಅಡುಗೆ ದಿನಗಳ ಬದಲು 47 ದಿನ ಬರುತ್ತದೆ. ಸಣ್ಣ ಶಾಲೆಯ ತರಕಾರಿ ದುಡ್ಡು ಉಳಿಯುವುದು ಇಲ್ಲಿಯೇ.

ಹದಿನೈದು ಮಕ್ಕಳ ಒಂದೂವರೆ ಕೆಜಿ ಅಕ್ಕಿಗೆ 10 ಲೀಟರಿನ ಕುಕ್ಕರ್ ಸಾಕು. ಅಕ್ಕಿ ಅಳೆದ ಪಾತ್ರೆಯಲ್ಲೇ ಎರಡೂವರೆ ಪಾಲು ನೀರು. ಒಟ್ಟು ಮೂರನೇ ಎರಡು ಭಾಗ ದಾಟಬಾರದು, ಬೇಳೆಯಾದರೆ ಅರ್ಧ ದಾಟಬಾರದು. ಬೇಳೆಯ ನೊರೆ ಸೀಟಿಯ ತೂತಿಗೆ ಕಟ್ಟಿಕೊಂಡರೆ ಅಪಾಯ, ಆದ್ದರಿಂದ ದಿನಾ ತೊಳೆಯುವಾಗ ಸೀಟಿ ಕಳಚಿ ತೂತಿನಲ್ಲಿ ಬೆಳಕು ಕಾಣುತ್ತದೆಯೇ ಎಂದು ನೋಡಬೇಕು. ಹುಣಸೆಹುಳಿ ಬೇಳೆ ಬೆಂದ ಮೇಲೆಯೇ ಹಾಕಬೇಕು. ಹುಳಿ ಮೊದಲೇ ಬಿದ್ದರೆ ಹಳೆಯ ಬೇಳೆ ಎಷ್ಟು ಸೀಟಿ ಕೂಗಿಸಿದರೂ ಕರಗುವುದಿಲ್ಲ. ಗ್ಯಾಸಿನ ರಬ್ಬರ್ ಪೈಪನ್ನು ಸೋಮವಾರ ಬೆಳಿಗ್ಗೆ ಪೂರ್ತಿ ಕೈಯಾಡಿಸಿ ನೋಡಿಯೇ ಒಲೆ ಹಚ್ಚಬೇಕು. ರಜೆಯಲ್ಲಿ ಇಲಿ ಕಡಿದಿರುತ್ತದೆ.

ಅಕ್ಕಿ ಬಸಿದು ಗಂಜಿ ಚೆಲ್ಲುವುದು ನಮ್ಮ ಮನೆಗಳ ರೂಢಿ. ಸಾರವರ್ಧಿತ ಅಕ್ಕಿ ಬಂದಾಗ ಅದು ಬೇಡ. ಆ ಚೀಲದಲ್ಲಿ 100 ಕೆಜಿಗೆ 1 ಕೆಜಿಯಂತೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿ ಮಾಡಿದ ಕಾಳು ಬೆರೆತಿರುತ್ತದೆ. ಬಣ್ಣ ಸ್ವಲ್ಪ ಬೇರೆ, ಕೆಲವು ನೀರಿನಲ್ಲಿ ತೇಲುತ್ತವೆ. ಪ್ಲಾಸ್ಟಿಕ್ ಅಕ್ಕಿಯೆಂದು ಆರಿಸಿ ಬಿಸಾಡುವವರು ಈಗಲೂ ಇದ್ದಾರೆ. ಪೋಷಕರ ಸಭೆಯಲ್ಲಿ ಒಂದು ಹಿಡಿ ಅಕ್ಕಿ ತಟ್ಟೆಗೆ ಹಾಕಿ, ಆ ಕಾಳನ್ನು ಬೇರ್ಪಡಿಸಿ, ಬೇಯಿಸಿ, ಕಿವುಚಿ ತೋರಿಸಿದರೆ ಮಾತು ಅಲ್ಲಿಗೆ ನಿಲ್ಲುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಾಸ್ತಾನಿನದೇ ಚಿಂತೆ. ಚೀಲ ನೆಲಕ್ಕೆ ತಾಗಬಾರದು, ಅರ್ಧ ಅಡಿ ಎತ್ತರದ ಹಲಗೆ ಬೇಕು, ಗೋಡೆಯಿಂದ ಒಂದಡಿ ಬಿಡಬೇಕು, ಏಕೆಂದರೆ ನಮ್ಮ ಗೋಡೆಗಳು ಆ ನಾಲ್ಕು ತಿಂಗಳು ನೀರು ಉಗುಳುತ್ತಲೇ ಇರುತ್ತವೆ. ಬಾಯಿ ಬಿಚ್ಚಿದ ಚೀಲವನ್ನು ಹಾಗೆಯೇ ಇಡದೆ ಮುಚ್ಚಳ ಬಿಗಿಯಾಗುವ ಡ್ರಮ್ಮಿಗೆ ಸುರಿಯಬೇಕು. ತೊಳೆದ ಡ್ರಮ್ಮನ್ನು ಆಷಾಢದಲ್ಲಿ ಬಿಸಿಲಿಗಿಡಲು ಬಿಸಿಲೇ ಇಲ್ಲ. ಅಡುಗೆ ಮುಗಿದ ಒಲೆಯ ಪಕ್ಕದಲ್ಲಿ ಮಾರನೇ ದಿನದವರೆಗೆ ಬೋರಲು ಇಟ್ಟರೆ ಒಣಗುತ್ತದೆ. ನುಸಿಗೆ ಒಣಗಿಸಿದ ಲಕ್ಕಿ ಸೊಪ್ಪು ಒಳ್ಳೆಯದು. ಅಕ್ಕಿಯ ಹುಳು ಸಾಯಿಸಲು ಇಡುವ ವಿಷದ ಮಾತ್ರೆ ಶಾಲೆಯ ಹೊಸ್ತಿಲು ದಾಟಬಾರದು. ಮುಗ್ಗಲು ವಾಸನೆ ಬಂದ ಅಕ್ಕಿ, ಬೂಷ್ಟು ಹಿಡಿದ ಬೇಳೆಯನ್ನು ತೊಳೆದು ಬಳಸುವುದೂ ಸಲ್ಲ. ಚೀಲ ಇಳಿಸುವಾಗಲೇ ಬಿಚ್ಚಿ ಮೂಸಿ, ಕೆಟ್ಟಿದ್ದರೆ ಸ್ವೀಕೃತಿಯಲ್ಲಿ ಬರೆದು ವಾಪಸು ಕಳಿಸಬೇಕು. ಸಹಿ ಹಾಕಿದ ಮೇಲೆ ಅದು ನಮ್ಮದೇ ಹೊಣೆ.

ಹಾಲಿನ ಪುಡಿಗೆ ಇನ್ನೂ ಹೆಚ್ಚು ಜಾಗ್ರತೆ ಬೇಕು. ಮಗುವಿಗೆ 18 ಗ್ರಾಂ ಪುಡಿಯಲ್ಲಿ 150 ಮಿಲಿ ಹಾಲು, ಹದಿನೈದು ಮಕ್ಕಳಿಗೆ 270 ಗ್ರಾಂ. ಕೆಜಿಯ ಪ್ಯಾಕೆಟ್ ಬಿಚ್ಚಿದರೆ ನಾಲ್ಕನೇ ದಿನ ಮುಗಿಯುತ್ತದೆ, ಅಷ್ಟರೊಳಗೇ ತೇವ ಹಿಡಿದು ಗಂಟಾಗುತ್ತದೆ. ಬಿಚ್ಚಿದ ಕೂಡಲೇ ಸ್ಟೀಲ್ ಡಬ್ಬಿಗೆ ಹಾಕಿ, ಒಣ ಚಮಚ ಅದರೊಳಗೇ ಇರಲಿ. ಕುದಿಯುವ ನೀರಿಗೆ ಪುಡಿ ಸುರಿದರೆ ಹೊರಪದರ ಬೆಂದು ಒಳಗೆ ಹಿಟ್ಟು ಉಳಿಯುತ್ತದೆ, ಮಕ್ಕಳು ಹಾಲು ಬೇಡವೆನ್ನುವುದು ಈ ಗಂಟಿಗೇ. ಬೆರಳಿಟ್ಟರೆ ಬೆಚ್ಚಗೆನಿಸುವ ಒಂದು ಲೀಟರ್ ನೀರಿನಲ್ಲಿ ಮೊದಲು ತೆಳ್ಳಗೆ ಕದಡಿ, ಸೋಸಿ, ಉಳಿದ ಬಿಸಿನೀರಿಗೆ ಸೇರಿಸಿ ಕಾಯಿಸಬೇಕು. ಗುಡ್ಡದಿಂದ ಹರಿದುಬರುವ ಅಬ್ಬಿ ನೀರು ರಾತ್ರಿ ಮಳೆಗೆ ಕೆಂಪಾಗಿದ್ದರೆ ಅದರಲ್ಲಿ ಹಾಲು ಮಾಡಬಾರದು. ಹಿಂದಿನ ದಿನವೇ ಡ್ರಮ್ಮಿನಲ್ಲಿ ತುಂಬಿ ತಿಳಿಗೊಳಿಸಿದ ನೀರು ಬೇಕು.

ಮೊಟ್ಟೆ 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ವಾರಕ್ಕೆ ಆರು ದಿನವಾಗಿದೆ. ಹದಿನೈದು ಮಕ್ಕಳೂ ತಿಂದರೆ ವಾರಕ್ಕೆ 90, ಸರಿಯಾಗಿ ಮೂರು ಟ್ರೇ. ಘಟ್ಟದ ರಸ್ತೆಯಲ್ಲಿ ಒಡೆದದ್ದನ್ನು ಅಂಗಡಿಯವರು ಬದಲಿಸುವುದಿಲ್ಲ, ಆ ನಷ್ಟಕ್ಕೆ ಲೆಕ್ಕದಲ್ಲಿ ಜಾಗವೂ ಇಲ್ಲ. ಬಿರುಕು ಬಿಟ್ಟದ್ದನ್ನು ಮಕ್ಕಳಿಗೆ ಕೊಡುವಂತಿಲ್ಲ. ನೀರಿನಲ್ಲಿ ತೇಲುವುದನ್ನು ಬಿಸಾಡಿ, ಸಿಪ್ಪೆ ತೊಳೆದು ಬೇರೆ ಪಾತ್ರೆಯಲ್ಲೇ ಬೇಯಿಸಬೇಕು. ಗ್ಯಾಸು ಉಳಿಸಲು ಅನ್ನದ ಕುಕ್ಕರಿನಲ್ಲಿ ಮೊಟ್ಟೆ ಇಡುವುದನ್ನು ಮಾತ್ರ ಒಪ್ಪಲಾಗದು.

ಊರವರು ಪ್ರೀತಿಯಿಂದ ತಂದುಕೊಡುವ ತರಕಾರಿ ಸಣ್ಣ ಶಾಲೆಗೆ ದೊಡ್ಡ ಆಸರೆ. ಸೌತೆ, ಬಸಳೆ, ಬಾಳೆದಿಂಡು, ಹಲಸು ಎಲ್ಲ ಬರಲಿ. ಅಣಬೆ ಮತ್ತು ಕಳಲೆಯನ್ನು ಯಾರೇ ತಂದರೂ ಕೈಮುಗಿದು ಹಿಂದಿರುಗಿಸಬೇಕು. ಕೆಸುವಿನ ಸೊಪ್ಪನ್ನು ಹುಣಸೆ ಹಾಕಿ ಚೆನ್ನಾಗಿ ಬೇಯಿಸಲು ಪುರುಸೊತ್ತಿಲ್ಲದ ದಿನ ಮುಟ್ಟಬಾರದು. ಅದಕ್ಕಿಂತ ಮುಖ್ಯವಾದ್ದು ಪಾತ್ರೆ. ಅಡಿಕೆಗೆ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯುವ ಕಾಲದಲ್ಲಿ ಮನೆಮನೆಯಲ್ಲೂ ಮೈಲುತುತ್ತದ ಬಕೆಟ್, ಔಷಧಿ ಕ್ಯಾನು ಓಡಾಡುತ್ತಿರುತ್ತವೆ. ತೊಳೆದ ಕ್ಯಾನಿನಲ್ಲಿ ಮಜ್ಜಿಗೆಯೋ ಎಣ್ಣೆಯೋ ಬಂದರೆ ಒಳಗೆ ಬಿಡಬಾರದು. 2013ರ ಜುಲೈ 16ರಂದು ಬಿಹಾರದ ಸಾರಣ ಜಿಲ್ಲೆಯ ಗಂಡಾಮನ್ ಊರಿನಲ್ಲಿ 23 ಮಕ್ಕಳನ್ನು ಬಲಿ ತೆಗೆದುಕೊಂಡದ್ದು ಅಡುಗೆ ಎಣ್ಣೆಗೆ ಸೇರಿದ್ದ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ. ಬಡಿಸುವ ಅರ್ಧ ಗಂಟೆ ಮೊದಲು ದೊಡ್ಡವರು ಉಂಡು ರುಚಿ ಪುಸ್ತಕದಲ್ಲಿ ಬರೆಯಬೇಕೆಂಬುದು ನಿಯಮ. ಪುಸ್ತಕವನ್ನು ಸಂಜೆ ಕೂತು ಒಟ್ಟಿಗೇ ತುಂಬಿಸುವ ಅಭ್ಯಾಸ ಕೆಲವು ಕಡೆ ಇದೆ. ಆ ಪುಸ್ತಕ ಇರುವುದು ಮಕ್ಕಳ ಜೀವಕ್ಕಾಗಿ.

ಮಳೆ ರಜೆಯ ಸುದ್ದಿ ಕೆಲವೊಮ್ಮೆ ಬೆಳಿಗ್ಗೆ ಏಳಕ್ಕೆ ಬರುತ್ತದೆ. ಆದ್ದರಿಂದ ರಾತ್ರಿಯೇ ಏನನ್ನೂ ನೆನೆಹಾಕಬಾರದು. ಹಾಜರಿ ಕೂಗಿ ಎಣಿಕೆ ಚೀಟಿ ಅಡುಗೆಮನೆಗೆ ಹೋದ ಮೇಲೆಯೇ ಅಕ್ಕಿ ಅಳೆಯುವುದು, ಮೊಟ್ಟೆ ಒಲೆಗೇರಿಸುವುದು. ಹೊಳೆ ದಾಟಿ ಬರುವ ಮಕ್ಕಳು ನಾಲ್ಕಿದ್ದರೆ ಹಾಜರಿ ಹದಿನೈದರಿಂದ ಹನ್ನೊಂದಕ್ಕೆ ಇಳಿಯುತ್ತದೆ.

ಇಪ್ಪತ್ತೈದು ಮಕ್ಕಳವರೆಗೆ ಅಡುಗೆಯವರು ಒಬ್ಬರೇ ಎಂಬುದು ನಿಯಮ. ಅಡುಗೆಯ ಅಕ್ಕ ಜ್ವರದಿಂದ ಮಲಗಿದರೆ ಆ ದಿನ ಒಲೆ ಹಚ್ಚುವವರಿಲ್ಲ. ತಾಯಂದಿರಲ್ಲಿ ಇಬ್ಬರಿಗೆ ಮೊದಲೇ ಆರೋಗ್ಯ ತಪಾಸಣೆ ಮಾಡಿಸಿ, ಕುಕ್ಕರ್, ಗ್ಯಾಸು, ಅಳತೆ ಕಲಿಸಿ, ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಸಭೆಯ ನಡಾವಳಿಯಲ್ಲಿ ಹೆಸರು ಬರೆಸಿಡಬೇಕು. ಆದರೆ ಅವರಿಗೆ ಆ ದಿನದ ಕೂಲಿ ಕೊಡಲು ಶಾಲೆಯ ಬಳಿ ದಾರಿಯಿಲ್ಲ. ಬಡ ಹೆಂಗಸರ ಪುಕ್ಕಟೆ ದುಡಿಮೆಯ ಮೇಲೆ ಯೋಜನೆ ನಡೆಯಬಾರದು. ಬಿಸಿಯೂಟ ಯೋಜನೆ ನೋಡಿಕೊಳ್ಳುವ ತಾಲ್ಲೂಕಿನ ಅಕ್ಷರ ದಾಸೋಹ ಸಹಾಯಕ ನಿರ್ದೇಶಕರಿಗೆ ಬರೆಯುವ ಪತ್ರದಲ್ಲಿ ಇದನ್ನೇ ಮೊದಲು ಕೇಳುತ್ತಿದ್ದೇವೆ. ಎರಡನೆಯದು, 25ಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗೆ ಇಂಧನ ಮತ್ತು ಸಾಗಣೆಯನ್ನು ತಲೆ ಲೆಕ್ಕದಿಂದ ಬಿಡಿಸಿ ತಿಂಗಳಿಗೆ ಇಂತಿಷ್ಟೆಂದು ಕೊಡಬೇಕು. ಪತ್ರದ ಜೊತೆಗೆ ಸಿಲಿಂಡರ್ ತೂಕದ ಪುಸ್ತಕದ ನಕಲು, ಆಟೋ ಬಾಡಿಗೆ ರಸೀದಿ, ಹಾಜರಿಯ ತಿಂಗಳ ಪಟ್ಟಿ ಲಗತ್ತಿಸಿ, ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬರಬೇಕು.