ಕೊಟ್ಟಿಗೆ ಕಡೆ ತಿರುಗಿದ್ದ ಕ್ಯಾಮೆರಾ

ಊರಿನ ಮನೆಯ ಕಾವಲಿಗೆ ಅಂತ ಮೊದಲು ತಂದದ್ದು ಬಲ್ಬ್ ಕ್ಯಾಮೆರಾ, ಅಂದರೆ ಬಲ್ಬಿನ ಜಾಗದಲ್ಲಿ ಸಿಕ್ಕಿಸಿ ಫೋನಿನಲ್ಲಿ ನೋಡೋ ಸಿಸಿಟಿವಿ. 2023ರ ದೀಪಾವಳಿ ಸೇಲ್‌ನಲ್ಲಿ ಸಾವಿರದ ಇನ್ನೂರು ರೂಪಾಯಿ. ಹೋಲ್ಡರಿಗೆ ಸಿಕ್ಕಿಸಿದರೆ ಆಯ್ತು, ವೈರ್ ಎಳೆಯೋ ಗೋಜಿಲ್ಲ ಅಂತ ಖುಷಿಯಾಗಿ ಬೆಂಗಳೂರಿಂದ ಊರಿಗೆ ಒಯ್ದೆ. ಊರು ಅಂದ್ರೆ ತೀರ್ಥಹಳ್ಳಿ ಕಡೆಯ ಹಳ್ಳಿಮನೆ. ಅಪ್ಪ, ಅಮ್ಮ, ಎರಡು ದನ, ಒಂದು ನಾಯಿ, ಚಳಿಗಾಲದಲ್ಲಿ ಅಂಗಳದ ತುಂಬಾ ಅಡಿಕೆ. ಕ್ಯಾಮೆರಾದ ಬುಡ ತಿರುಪಿನದು, ನಮ್ಮ ಮನೆಯ ಹೋಲ್ಡರ್ ಪಿನ್ನಿನದು. ಪೇಟೆಗೆ ಹೋಗಿ ಕನ್ವರ್ಟರ್ ತಂದು ಹಾಕಿದ್ದಾಯ್ತು. ಚಿತ್ರ ಚೆನ್ನಾಗೇ ಬಂತು. ರಾತ್ರಿ ಒಂಬತ್ತೂವರೆಗೆ ಬಂದ್ ಆಯ್ತು.

ಯಾಕೆ ಅಂದ್ರೆ ಅಷ್ಟೊತ್ತಿಗೆ ಅಮ್ಮ ಜಗುಲಿ ಲೈಟ್ ಆರಿಸುತ್ತಾಳೆ. ಸ್ವಿಚ್ ಆರಿದರೆ ಕ್ಯಾಮೆರಾನೂ ಆರಿತು. ಇಡೀ ರಾತ್ರಿ ಸ್ವಿಚ್ ಹಾಕಿಯೇ ಇರಬೇಕು ಅಂದರೆ, "ಮಲಗೋ ಹೊತ್ತಿಗೆ ಯಾರಾದರೂ ಸ್ವಿಚ್ ಹಾಕಿ ಇಡ್ತಾರೇನೆ?" ಅಂದಳು. ನಲವತ್ತು ವರ್ಷದಿಂದ ಕೈಗೆ ಅಂಟಿದ ಅಭ್ಯಾಸ. ಅದನ್ನು ಬದಲಿಸೋದಕ್ಕಿಂತ ಕ್ಯಾಮೆರಾ ಬದಲಿಸೋದು ಸುಲಭ ಅನ್ನಿಸಿತು. ಆ ಬಲ್ಬ್ ಈಗಲೂ ಅಟ್ಟದ ಮೇಲಿದೆ.

ಎರಡನೇ ಸಲ ಸ್ವಲ್ಪ ಓದಿಕೊಂಡೆ. ಅಂಗಡಿಯಲ್ಲಿ ಟ್ಯಾಪೊ, ಸಿಪಿ ಪ್ಲಸ್, ಕ್ಯೂಬೊ ಎಲ್ಲ ಸಾಲಾಗಿ ಇಟ್ಟಿರುತ್ತಾರೆ. ಎರಡು ಸಾವಿರದ ಆಸುಪಾಸಿನಲ್ಲಿ ಎಲ್ಲದರ ಡಬ್ಬದ ಮೇಲೂ ಹೆಚ್ಚುಕಮ್ಮಿ ಅದೇ ಮಾತು. ನಾನು ಆರಿಸಿದ್ದು ಅತ್ತಿತ್ತ ತಿರುಗೋ ಕ್ಯಾಮೆರಾ. ಫೋನಿನ ಮೇಲೆ ಬೆರಳು ಎಳೆದರೆ ಅದು ಕತ್ತು ತಿರುಗಿಸುತ್ತೆ. "360 ಡಿಗ್ರಿ" ಅಂತ ದೊಡ್ಡದಾಗಿ ಬರೆದಿತ್ತು. ಆ ಸಂಖ್ಯೆಯೇ ಮುಂದೆ ನನಗೆ ಪಾಠ ಕಲಿಸಿದ್ದು, ಅದಕ್ಕೆ ಆಮೇಲೆ ಬರುತ್ತೇನೆ.

ಜಗುಲಿಯ ಸೂರಿನ ಕೆಳಗೆ ಕಟ್ಟಿದೆವು. ವೈಫೈಗೆ ಸೇರಿಸೋಕೇ ಅರ್ಧ ದಿನ ಹೋಯ್ತು. ಈ ಅಗ್ಗದ ಕ್ಯಾಮೆರಾಗಳಲ್ಲಿ ಹೆಚ್ಚಿನವಕ್ಕೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಗೊತ್ತು. ನನ್ನ ಫೋನ್ 5 ಗಿಗಾಹರ್ಟ್ಸ್‌ಗೆ ಸೇರಿಕೊಂಡಿತ್ತು, ರೌಟರ್ ಎರಡಕ್ಕೂ ಒಂದೇ ಹೆಸರು ಕೊಟ್ಟಿತ್ತು. ರೌಟರ್ ಸೆಟ್ಟಿಂಗ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರಿಟ್ಟ ಮೇಲೆ ಎರಡೇ ನಿಮಿಷದ ಕೆಲಸ. ಜಂಬಿಟ್ಟಿಗೆಯ ದಪ್ಪ ಗೋಡೆ ದಾಟಿ ಸಿಗ್ನಲ್ ಬರೋದು ಕಷ್ಟ. ರೌಟರನ್ನು ಒಳಗಿನ ಕೋಣೆಯಿಂದ ತಂದು ಜಗುಲಿಯ ಬಾಗಿಲ ಪಕ್ಕ ಇಟ್ಟೆವು.

ಅಮ್ಮನ ಷರತ್ತು ಎರಡಿತ್ತು. ಮನೆಯ ಒಳಗೆ ಕ್ಯಾಮೆರಾ ಬೇಡ. ಜಗುಲಿಯಲ್ಲಿ ಕೂತು ಆಡೋ ಮಾತು ಬೆಂಗಳೂರಿಗೆ ಕೇಳಬಾರದು. ಮೊದಲನೆಯದಕ್ಕೆ ತಕ್ಷಣ ಒಪ್ಪಿದೆ. ಮೈಕ್ ಆಫ್ ಮಾಡುತ್ತೇನೆ ಅಂತ ಹೇಳಿದೆ, ಮರೆತೆ. ಮೂರನೇದೊಂದನ್ನು ಅವಳೇ ಚಿತ್ರ ನೋಡಿ ಕಂಡುಹಿಡಿದಳು: "ಇದರಲ್ಲಿ ಆಚೆ ಮನೆಯವರ ಬಚ್ಚಲಿಗೆ ಹೋಗೋ ದಾರಿ ಕಾಣುತ್ತಲ್ಲೆ!" ಹೌದು, ಮೂಲೆಯಲ್ಲಿ ಕಾಣುತ್ತಿತ್ತು. ಆ್ಯಪ್‌ನಲ್ಲಿ ಪ್ರೈವೆಸಿ ಮಾಸ್ಕ್ ಅಂತ ಇರುತ್ತೆ. ಚಿತ್ರದ ಆ ಭಾಗದ ಮೇಲೆ ಕಪ್ಪು ಚೌಕ ಎಳೆದರೆ ಅದು ರೆಕಾರ್ಡೇ ಆಗೋಲ್ಲ. ಆಚೆ ಮನೆಯ ಅಕ್ಕನನ್ನು ಕರೆದು ತೋರಿಸಿದ ಮೇಲೆ ಅಮ್ಮನಿಗೆ ಸಮಾಧಾನ.

ರೆಕಾರ್ಡಿಂಗ್ ಉಳಿಯೋ ಮೆಮೊರಿ ಕಾರ್ಡಿನ ಲೆಕ್ಕ ಯಾರೂ ಅಂಗಡಿಯಲ್ಲಿ ಹೇಳೋಲ್ಲ. ನಮ್ಮ ಕ್ಯಾಮೆರಾ ಸೆಕೆಂಡಿಗೆ ಸುಮಾರು 1 ಮೆಗಾಬಿಟ್ ಬರೆಯುತ್ತೆ. ದಿನಕ್ಕೆ 86,400 ಸೆಕೆಂಡ್, ಎಂಟು ಬಿಟ್‌ಗೆ ಒಂದು ಬೈಟ್. ಅಲ್ಲಿಗೆ ದಿನಕ್ಕೆ ಹತ್ತಿರ ಹತ್ತಿರ 11 ಜಿಬಿ. 128 ಜಿಬಿ ಕಾರ್ಡ್ ಹಾಕಿದರೆ ಹನ್ನೊಂದು ದಿನ, ಆಮೇಲೆ ಹಳೇದರ ಮೇಲೇ ಹೊಸದು. ಮೊದಲು ಹಳೆ ಫೋನಿನ ಕಾರ್ಡ್ ಹಾಕಿದ್ದೆ, ಏಳು ತಿಂಗಳಿಗೆ ಸತ್ತಿತು. ಹಗಲೂ ರಾತ್ರಿ ಬರೆಯುತ್ತಲೇ ಇದ್ದರೆ ಮಾಮೂಲಿ ಕಾರ್ಡ್ ಬಾಳೋಲ್ಲ. ಹೆಸರಿನಲ್ಲಿ "ಎಂಡ್ಯೂರೆನ್ಸ್" ಅಂತ ಇರೋದು ಈ ಕೆಲಸಕ್ಕೇ ಮಾಡಿದ್ದು, ಸ್ವಲ್ಪ ಜಾಸ್ತಿ ದುಡ್ಡು. ತಿಂಗಳಿಗೊಮ್ಮೆ ಆ್ಯಪ್ ತೆರೆದು ನಿನ್ನೆಯ ರೆಕಾರ್ಡಿಂಗ್ ನಿಜಕ್ಕೂ ಇದೆಯಾ ಅಂತ ನೋಡಿ. ಕಾರ್ಡ್ ಸತ್ತರೂ ಲೈವ್ ಚಿತ್ರ ಆರಾಮಾಗಿ ಬರುತ್ತಲೇ ಇರುತ್ತೆ, ಗೊತ್ತೇ ಆಗೋಲ್ಲ. ರೆಕಾರ್ಡಿಂಗನ್ನು ಇಂಟರ್ನೆಟ್ ಮೂಲಕ ಕಂಪನಿಯವರ ಹತ್ತಿರ ಇಡೋ ಕ್ಲೌಡ್ ಚಂದಾ ಕಟ್ಟಿಲ್ಲ. ಕಳ್ಳ ಕ್ಯಾಮೆರಾವನ್ನೇ ಕಿತ್ತುಕೊಂಡು ಹೋದರೆ ಕಾರ್ಡೂ ಹೋಯ್ತು ಅನ್ನೋದು ನಿಜ. ಆದರೂ ತಿಂಗಳು ತಿಂಗಳು ಕಟ್ಟೋ ಮನಸ್ಸಾಗಲಿಲ್ಲ.

ಮೊದಲ ವಾರ ನೋಟಿಫಿಕೇಶನ್ ಕಾಟ. ರಾತ್ರಿ ಫೋನ್ ಟಿಣ್ ಟಿಣ್ ಅಂತಲೇ ಇತ್ತು. ಒಂದು ಸಲ ಬಿಳಿ ಹಗ್ಗದಂಥದ್ದು ಚಿತ್ರದ ಅಡ್ಡಡ್ಡ ಓಲಾಡುತ್ತಿತ್ತು. ಎದೆ ಧಸಕ್ಕೆಂದಿತು. ನೋಡಿದರೆ ಲೆನ್ಸಿನ ಮುಂದೆ ಜೇಡ ಒಂದು ಎಳೆ ಇಳಿಬಿಟ್ಟಿತ್ತು. ಕತ್ತಲಲ್ಲಿ ಕ್ಯಾಮೆರಾ ತನ್ನದೇ ಇನ್‌ಫ್ರಾರೆಡ್ ಬೆಳಕು ಬಿಡುತ್ತೆ. ನಮಗೆ ಅದು ಕಾಣೋಲ್ಲ, ಹೆಚ್ಚೆಂದರೆ ಮಸುಕು ಕೆಂಪು ಚುಕ್ಕಿ. ಹುಳುಗಳು ಅಲ್ಲಿಗೇ ಬರುತ್ತವೆ, ಹುಳು ತಿನ್ನೋಕೆ ಜೇಡ. ಈಗ ಅಪ್ಪ ಭಾನುವಾರ ಭಾನುವಾರ ಪೊರಕೆ ಕಡ್ಡಿಗೆ ಬಟ್ಟೆ ಸುತ್ತಿ ಒರೆಸುತ್ತಾರೆ. "ಮನುಷ್ಯರು ಬಂದರೆ ಮಾತ್ರ" ಅನ್ನೋದನ್ನು ಆನ್ ಮಾಡಿ, ಗೇಟಿನಿಂದ ಅಂಗಳದವರೆಗೆ ಮಾತ್ರ ಗೆರೆ ಎಳೆದು, ಹಗಲು ಹೊತ್ತು ಸದ್ದು ಬೇಡ ಅಂತ ಇಟ್ಟ ಮೇಲೆ ದಿನಕ್ಕೆ ಎರಡೋ ಮೂರೋ ಬರುತ್ತೆ. ಇನ್ನೊಂದು ವಿಷಯ. ಇದೇ ಬೆಳಕು ಹತ್ತಿರದ ಬಿಳಿ ಗೋಡೆಗೆ ಬಡಿದರೆ ಗೋಡೆ ಫಳಫಳ, ಉಳಿದದ್ದೆಲ್ಲ ಕಪ್ಪು. ಕಿಟಕಿ ಗಾಜಿನ ಒಳಗಿಂದ ಇಟ್ಟರೂ ಅದೇ ಕತೆ.

ಇನ್ನು 2025ರ ಜನವರಿಯ ಆ ರಾತ್ರಿ. ದನ ಕರು ಹಾಕೋ ದಿನ ಹತ್ತಿರ ಬಂದಿತ್ತು. ಅಪ್ಪನಿಗೆ ಮಂಡಿ ನೋವು, ರಾತ್ರಿಯೆಲ್ಲ ಎದ್ದು ಎದ್ದು ಹೋಗೋದು ಬೇಡ ಅಂತ ನಾನೇ ಇಲ್ಲಿಂದ ಕ್ಯಾಮೆರಾವನ್ನು ಕೊಟ್ಟಿಗೆ ಕಡೆ ತಿರುಗಿಸಿ ಇಟ್ಟೆ. ಹನ್ನೆರಡರವರೆಗೆ ನೋಡಿದೆ. ದನ ಮೆಲುಕು ಹಾಕುತ್ತಾ ಮಲಗಿತ್ತು. ನಾನೂ ಮಲಗಿದೆ, ವಾಪಸ್ ತಿರುಗಿಸಲಿಲ್ಲ.

ಬೆಳಗ್ಗೆ ಅಪ್ಪನ ಫೋನು. "ಒಂದು ಚೀಲ ಕಮ್ಮಿ ಇದೆ ಮಗಾ." ಒಣಗಿಸಿ ತುಂಬಿ, ಜಗುಲಿಯ ಕೆಳಗೆ ಇಟ್ಟಿದ್ದ ಅಡಿಕೆ.

ರೆಕಾರ್ಡಿಂಗ್ ಹಾಕಿ ನೋಡಿದೆ. ಇಡೀ ರಾತ್ರಿ ದನ. ಆದರೆ ಮೈಕ್ ಆನ್ ಇತ್ತಲ್ಲ! ನಾಯಿ ಎರಡು ಸಲ ಬೊಗಳಿ ಸುಮ್ಮನಾಯಿತು, ಗೊತ್ತಿರೋರನ್ನು ನೋಡಿದ ಹಾಗೆ. ಸರ್ ಸರ್ ಅಂತ ಚೀಲ ಎಳೆದ ಸದ್ದು. ಆಮೇಲೆ ದೂರದಲ್ಲಿ ಬೈಕ್ ಕಿಕ್ ಹೊಡೆದದ್ದು, ಎರಡು ಸಲ ಹತ್ತದೆ ಮೂರನೇ ಸಲಕ್ಕೆ ಹತ್ತಿದ್ದು. ಅಷ್ಟೂ ಸ್ಪಷ್ಟ. ಎಷ್ಟು ಹೊತ್ತಿಗೆ ಅಂತ ನೋಡಿದರೆ ಮೂಲೆಯಲ್ಲಿ 1970ರ ಜನವರಿ 1. ನಾನು ಮಲಗಿದ ಮೇಲೆ ಕರೆಂಟ್ ಹೋಗಿ ಬಂದಿತ್ತು, ಇಂಟರ್ನೆಟ್ ಬೆಳಗಿನವರೆಗೆ ಬಂದಿರಲಿಲ್ಲ. ನಮ್ಮ ಕ್ಯಾಮೆರಾದೊಳಗೆ ಗಡಿಯಾರ ಓಡಿಸೋ ಬ್ಯಾಟರಿ ಇಲ್ಲ, ಸಮಯವನ್ನು ಇಂಟರ್ನೆಟ್ಟಿಂದಲೇ ಕೇಳಿ ತಿಳ್ಕೊಳ್ಳಬೇಕು. ಮುಖ ಇಲ್ಲ, ಹೊತ್ತು ಇಲ್ಲ. ಅಪ್ಪ ಸ್ಟೇಷನ್ನಿಗೆ ಹೋಗಲಿಲ್ಲ. "ಯಾರ ಹೆಸರು ಹೇಳೋದು ಮಾರಾಯ್ತಿ? ದನದ್ದಾ?"

ಅಮ್ಮ ಮೈಕಿನ ವಿಷಯ ಎತ್ತಲಿಲ್ಲ. ಅದೇ ದಿನ ಆಫ್ ಮಾಡಿದೆ. ಒಂದು ವಾರ ಬಿಟ್ಟು ಅವಳೇ, "ರಾತ್ರಿ ಹತ್ತರ ಮೇಲೆ ಬೇಕಿದ್ರೆ ಹಾಕ್ಕೋ" ಅಂದಳು.

ತಿರುಗೋ ಕ್ಯಾಮೆರಾ 360 ಡಿಗ್ರಿ ನೋಡಬಲ್ಲದು, ಆದರೆ ಒಂದು ಹೊತ್ತಿಗೆ ಒಂದೇ ಕಡೆ. ಇದು ಮಗುವಿಗೂ ಗೊತ್ತಾಗೋ ಮಾತು. ನನಗೆ ಒಂದು ಚೀಲ ಅಡಿಕೆಯ ಬೆಲೆಗೆ ಗೊತ್ತಾಯ್ತು.

ಜೂನ್‌ನಲ್ಲಿ ಇನ್ನೊಂದು ಕೊಂಡೆ. ಅಲ್ಲಾಡದೆ ಒಂದೇ ಕಡೆ ನೋಡೋದು, ದೂಳು, ಮಳೆ ತಡೆಯೋ ಐಪಿ66 ಗುರುತು ಇರೋದು, ಸುಮಾರು ಎರಡೂವರೆ ಸಾವಿರ. ಈ ಸಲ ಮೆಗಾಪಿಕ್ಸೆಲ್ ನೋಡಲಿಲ್ಲ, ಲೆನ್ಸಿನ ಮಿಲಿಮೀಟರ್ ನೋಡಿದೆ, ಅದು ಕಮ್ಮಿ ಇದ್ದಷ್ಟೂ ಚಿತ್ರ ಅಗಲ. 2.8 ಮಿಮೀ ಲೆನ್ಸ್ ಸುಮಾರು 100 ಡಿಗ್ರಿ ಅಗಲ ನೋಡುತ್ತೆ. ಹತ್ತು ಮೀಟರ್ ದೂರದಲ್ಲಿ ಅಂದರೆ ಸುಮಾರು 24 ಮೀಟರ್ ಅಗಲದ ಚಿತ್ರ. 2 ಮೆಗಾಪಿಕ್ಸೆಲ್ ಕ್ಯಾಮೆರಾದ ಅಡ್ಡ ಸಾಲಿನಲ್ಲಿ ಇರೋದು 1920 ಚುಕ್ಕಿ (ಪಿಕ್ಸೆಲ್). ಮೀಟರಿಗೆ 80. ಒಂದು ಮುಖಕ್ಕೆ ಹದಿಮೂರು ಚುಕ್ಕಿ! ಅಷ್ಟರಲ್ಲಿ ಯಾರೋ ಒಬ್ಬರು ಬಂದರು ಅಂತ ಹೇಳಬಹುದು, ಯಾರು ಅಂತ ಅಲ್ಲ. 6 ಮಿಮೀ ಲೆನ್ಸ್ ಆದರೆ ಅದೇ ದೂರದಲ್ಲಿ ಹತ್ತು ಮೀಟರ್ ಅಗಲ ಅಷ್ಟೇ, ಮುಖಕ್ಕೆ ಮೂವತ್ತು ಚುಕ್ಕಿ. ಗೇಟಿಗೆ ಅದನ್ನೇ ಹಾಕಿದೆ, ಅದೂ ಎಂಟಡಿ ಎತ್ತರದಲ್ಲಿ. ಎಲೆಕ್ಟ್ರಿಷಿಯನ್ ಹುಡುಗ ಹನ್ನೆರಡಡಿಗೆ ಹಾಕೋಣ, ಯಾರ ಕೈಗೂ ಸಿಗೋಲ್ಲ ಅಂದ. ಅಷ್ಟು ಮೇಲಿಂದ ಟೋಪಿ ಮಾತ್ರ ಕಾಣೋದು.

ಆ ಹೊತ್ತಿಗೆ ಸರ್ಕಾರದ ಹೊಸ ನಿಯಮವೂ ಬಂದಿತ್ತು. 2025ರ ಏಪ್ರಿಲ್‌ನಿಂದ ಹೊಸದಾಗಿ ಮಾರೋ ಸಿಸಿಟಿವಿ ಕ್ಯಾಮೆರಾ ಸೈಬರ್ ಭದ್ರತೆಯ ಪರೀಕ್ಷೆ ಪಾಸಾಗಿರಬೇಕು. ಅಂಗಡಿಯವರನ್ನು ಕೇಳಿ, ಹೊಸ ಸ್ಟಾಕ್ ಅಂತ ಖಾತ್ರಿ ಮಾಡಿಕೊಂಡೇ ತಂದೆ. ಹಾಗಂತ ಪಾಸ್‌ವರ್ಡ್ ವಿಷಯದಲ್ಲಿ ಉಡಾಫೆ ಬೇಡ. 2016ರಲ್ಲಿ ಮಿರಾಯ್ ಅನ್ನೋ ವೈರಸ್ ಜಗತ್ತಿನಾದ್ಯಂತ ಲಕ್ಷಗಟ್ಟಲೆ ಕ್ಯಾಮೆರಾ, ರೌಟರ್‌ಗಳ ಒಳಗೆ ನುಗ್ಗಿದ್ದು ಡಬ್ಬದ ಜೊತೆ ಬಂದ ಪಾಸ್‌ವರ್ಡನ್ನು ಯಾರೂ ಬದಲಿಸಿರದ ಕಾರಣಕ್ಕೇ. ನಾನು ಎರಡು ಹಂತದ ಲಾಗಿನ್ ಹಾಕಿದ್ದೇನೆ. ತಮ್ಮನಿಗೂ ಪಾಸ್‌ವರ್ಡ್ ಕೊಟ್ಟಿಲ್ಲ, ಆ್ಯಪ್‌ನಲ್ಲಿರೋ ಶೇರ್ ಆಯ್ಕೆಯಿಂದ ನೋಡೋಕೆ ಮಾತ್ರ ಕೊಟ್ಟಿದ್ದೇನೆ.

ಗೇಟಿನ ಕ್ಯಾಮೆರಾಗೆ ವೈಫೈ ಎಟುಕೋಲ್ಲ, ಲ್ಯಾನ್ ವೈರ್ ಎಳೆಸಿದೆ. ಮಳೆ ನೀರು ವೈರಿನ ಮೇಲೇ ಹರಿದು ಕನೆಕ್ಟರಿಗೆ ಇಳಿಯುತ್ತೆ, ಹಾಗಾಗಿ ಡಬ್ಬಿಗೆ ಹೋಗೋ ಮುಂಚೆ ವೈರನ್ನು ಒಂದು ಗೇಣು ಕೆಳಗೆ ಜೋಲುಬಿಡಿಸಿದೆ. ನೀರು ಅಲ್ಲೇ ತೊಟ್ಟಿಕ್ಕುತ್ತೆ. ಆದರೆ ತಾಮ್ರದ ವೈರ್ ಅಂದಮೇಲೆ ಸಿಡಿಲಿನ ಭಯ ಇದ್ದೇ ಇದೆ. ಗುಡುಗಿದರೆ ಅಮ್ಮ ಟಿವಿ, ಫ್ರಿಜ್ ಪ್ಲಗ್ ಕೀಳೋದು ಮೊದಲಿಂದಲೂ ಇದೆ. ಈಗ ಕ್ಯಾಮೆರಾದ್ದೂ ಸೇರಿದೆ. ಪ್ಲಗ್ ಕಿತ್ತರೆ ಸಾಲದು, ರೌಟರಿನಿಂದ ಆ ಲ್ಯಾನ್ ವೈರನ್ನೂ ಕೀಳಬೇಕು ಅಂತ ಅದಕ್ಕೆ ಕೆಂಪು ಟೇಪ್ ಸುತ್ತಿ ಕೊಟ್ಟಿದ್ದೇನೆ. ಮಳೆ ನಿಂತ ಮೇಲೆ ಮತ್ತೆ ಹಾಕಲು ಮರೆಯುತ್ತಾಳೆ, ಆ್ಯಪ್‌ನಲ್ಲಿ "ಆಫ್‌ಲೈನ್" ಅಂತ ಬಂದರೆ ನಾನು ಫೋನ್ ಮಾಡುತ್ತೇನೆ. ಈ ನೆಪದಲ್ಲಿ ಮಾತು ಜಾಸ್ತಿಯಾಗಿದೆ. ಬರೀ ಕರೆಂಟ್ ಹೋದರೆ ತೊಂದರೆ ಇಲ್ಲ. ಎರಡೂ ಕ್ಯಾಮೆರಾ ಇನ್ವರ್ಟರ್ ಲೈನಿನಲ್ಲಿವೆ, ರೌಟರಿಗೆ ಒಂದು ಮಿನಿ ಯುಪಿಎಸ್ ಇದೆ, ಮೂರು ಗಂಟೆ ತಡೆಯುತ್ತೆ. 1970 ಮತ್ತೆ ಬಂದಿಲ್ಲ.

ಈಗ ಉಳಿದಿರೋ ತಲೆನೋವು ಮಂಜು. ಮಳೆಗಾಲದ ರಾತ್ರಿ ಮಂಜು ಇಳಿದರೆ ಇನ್‌ಫ್ರಾರೆಡ್ ಬೆಳಕು ಅದಕ್ಕೇ ಬಡಿದು ವಾಪಸ್ ಬರುತ್ತೆ, ಚಿತ್ರ ಹಾಲು ಚೆಲ್ಲಿದ ಹಾಗೆ. ಇನ್‌ಫ್ರಾರೆಡ್ ಆರಿಸಿ, ಕ್ಯಾಮೆರಾದಿಂದ ದೂರ ಗೇಟಿನ ಕಂಬದ ಮೇಲೆ ಒಂದು 9 ವಾಟಿನ ಎಲ್‌ಇಡಿ ಬಲ್ಬ್ ಉರಿಸಿಟ್ಟರೆ ಪರವಾಗಿಲ್ಲ, ಬಣ್ಣವೂ ಕಾಣುತ್ತೆ. ಆದರೆ ಮೊದಲ ಮಳೆಗೆ ರೆಕ್ಕೆ ಹುಳ ಏಳೋ ದಿನಗಳಲ್ಲಿ ಆ ಬಲ್ಬ್ ಉರಿಸಿದರೆ ಬೆಳಗ್ಗೆ ಗೇಟಿನ ಬುಡದಲ್ಲಿ ಬುಟ್ಟಿಗಟ್ಟಲೆ ರೆಕ್ಕೆ. ಗುಡಿಸೋಳು ಅಮ್ಮ. ಆ ವಾರ ಒಂಬತ್ತೂವರೆಗೆ ಅದರ ಸ್ವಿಚ್ಚೂ ಆರುತ್ತೆ, ನಾನು ಏನೂ ಹೇಳೋಕೆ ಹೋಗೋಲ್ಲ.