ಮಗಳ ಖಿನ್ನತೆಗೆ ವಿಮೆ ಹಣ ಪಡೆದದ್ದು

ಮಾನಸಿಕ ಕಾಯಿಲೆಗೆ ವಿಮೆ ಹಣ ಸಿಗುವುದಿಲ್ಲ ಎಂದು ನಮ್ಮ ತೀರ್ಥಹಳ್ಳಿ ಕಡೆ ಓದಿದವರೂ ಹೇಳುತ್ತಾರೆ. ಪಾಲಿಸಿ ಮಾಡಿಸಿಕೊಟ್ಟ ಏಜೆಂಟರೂ ಅದನ್ನೇ ಹೇಳಿದರು: ‘ಗೌಡರೇ, ಜ್ವರವೋ ಆಪರೇಷನ್ನೋ ಆದರೆ ನಾನೇ ಓಡಾಡುತ್ತೇನೆ. ಇದಕ್ಕೆ ಅರ್ಜಿ ಹಾಕಿ ಪ್ರಯೋಜನವಿಲ್ಲ.’ ನಾನು ಹಾಕಿದೆ. ಮೊದಲು ತಿರಸ್ಕಾರವಾಯಿತು, ಆಮೇಲೆ ಹಣ ಬಂತು. ಹರೆಯದ ಮಕ್ಕಳಿರುವ ಮನೆಯವರಿಗೆ ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ.

ಮಗಳು ಆಗ ದ್ವಿತೀಯ ಪಿಯುಸಿ. ದಸರಾ ರಜೆಗೆಂದು ಹಾಸ್ಟೆಲ್‌ನಿಂದ ಬಂದವಳು ಮತ್ತೆ ಹೋಗಲಿಲ್ಲ. ನಿದ್ದೆಯಿಲ್ಲ, ಊಟ ಬಿಟ್ಟಳು, ಬದುಕುವುದೇ ಬೇಡ ಎನ್ನತೊಡಗಿದಳು. ಶಿವಮೊಗ್ಗದ ಮನೋವೈದ್ಯರು ನೋಡಿದ ದಿನವೇ ದಾಖಲು ಮಾಡಿಕೊಂಡರು. ಹದಿನೆಂಟು ತುಂಬದವರನ್ನು ಹೀಗೆ ದಾಖಲಿಸಲು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಬೇರೆಯೇ ಕ್ರಮವಿದೆ. ಪೋಷಕರು ಅರ್ಜಿ ಕೊಡಬೇಕು, ಇಬ್ಬರು ಪ್ರತ್ಯೇಕವಾಗಿ ಪರೀಕ್ಷಿಸಬೇಕು, ಅವರಲ್ಲಿ ಒಬ್ಬರಾದರೂ ಮನೋವೈದ್ಯರಾಗಿರಬೇಕು. ಅರ್ಜಿಗೆ ತಂದೆ ಸಹಿ ಹಾಕಿದರೆ, ಹುಡುಗಿಯ ಜೊತೆ ಉಳಿಯುವವರು ಹೆಂಗಸೇ ಆಗಿರಬೇಕು. ನನ್ನ ಹೆಂಡತಿಯೂ ಅಕ್ಕನೂ ಸರದಿಯ ಮೇಲೆ ಉಳಿದರು. ಆ ಕಾಗದಗಳ ನಕಲನ್ನೆಲ್ಲ ತೆಗೆದಿಟ್ಟುಕೊಂಡದ್ದು ಮುಂದೆ ಕೈಹಿಡಿಯಿತು.

ಮನೆಗೆ ಕಳಿಸುವ ಮುನ್ನಾದಿನ ನೆಂಟರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ‘ಗ್ಯಾಸ್ಟ್ರಿಕ್, ನಿಶ್ಶಕ್ತಿ ಅಂತ ಬರೆಸಿಬಿಡು. ಹಣವೂ ಬರುತ್ತದೆ, ನಾಳೆ ಹುಡುಗಿಗೆ ಸಂಬಂಧ ನೋಡುವಾಗ ತೊಂದರೆಯೂ ಇಲ್ಲ.’ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ಸುಳ್ಳು ಬರೆಸಿ ಹಣ ಕೇಳಿದರೆ ಇಡೀ ಪಾಲಿಸಿಯೇ ರದ್ದಾಗಬಹುದು. ಚಿಕಿತ್ಸೆಯ ವಿವರವನ್ನು ಗೋಪ್ಯವಾಗಿಡುವುದು ಆಸ್ಪತ್ರೆಯ ಕಾನೂನುಬದ್ಧ ಹೊಣೆ, ಊರಿಗೆಲ್ಲ ಗೊತ್ತಾಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ತನಗೆ ಬಂದ ಕಾಯಿಲೆ ಅಪ್ಪನಿಗೆ ನಾಚಿಕೆಯ ವಿಷಯವಾಗಿತ್ತು ಎಂದು ಮಗಳು ಆ ಕಾಗದದಿಂದ ತಿಳಿಯಬಾರದು. ‘ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ ಡಾಕ್ಟರೇ’ ಎಂದೆ.

ಕಂಪನಿಯೇ ಆಸ್ಪತ್ರೆಗೆ ನೇರವಾಗಿ ಬಿಲ್ ಕಟ್ಟುವ ನಗದುರಹಿತ ಸೌಲಭ್ಯಕ್ಕೆ ಒಪ್ಪಿಗೆ ಬರಲಿಲ್ಲ. ಅಡಿಕೆ ಮಂಡಿಯಿಂದ ಮುಂಗಡ ತಂದು ಬಿಲ್ ಕಟ್ಟಿ, ಮರುಪಾವತಿಗೆ ಅರ್ಜಿ ಕಳಿಸಿದೆ. ಕೊಯ್ಲಿನ ಗಡಿಬಿಡಿಯ ನಡುವೆ ಉತ್ತರ ಬಂತು: ಕೇವಲ ತಪಾಸಣೆ ಮತ್ತು ನಿಗಾಕ್ಕಾಗಿ ದಾಖಲು, ಹೊರರೋಗಿಯಾಗಿಯೇ ಚಿಕಿತ್ಸೆ ಪಡೆಯಬಹುದಿತ್ತು, ಆದ್ದರಿಂದ ತಿರಸ್ಕೃತ.

ಆ ಸಾಲನ್ನು ನಿಧಾನವಾಗಿ ಓದಿದಾಗ ಒಂದು ವಿಷಯ ಹೊಳೆಯಿತು. ಮಾನಸಿಕ ಕಾಯಿಲೆ ಎಂಬ ಕಾರಣಕ್ಕೆ ಅವರು ನಿರಾಕರಿಸಿರಲಿಲ್ಲ. ಹಾಗೆ ನಿರಾಕರಿಸುವಂತೆಯೂ ಇಲ್ಲ. ದೇಹದ ಕಾಯಿಲೆಗೆ ಯಾವ ಆಧಾರದ ಮೇಲೆ ವಿಮೆ ಇದೆಯೋ ಅದೇ ಆಧಾರದ ಮೇಲೆ ಮನಸ್ಸಿನ ಕಾಯಿಲೆಗೂ ಕೊಡಬೇಕು ಎಂದು ಅದೇ ಕಾಯ್ದೆಯ 21(4)ನೇ ಕಲಂ ಹೇಳುತ್ತದೆ. ಇದನ್ನು ಪಾಲಿಸಬೇಕು ಎಂದು ವಿಮಾ ನಿಯಂತ್ರಣ ಪ್ರಾಧಿಕಾರವು 2018ರ ಆಗಸ್ಟ್‌ನಲ್ಲಿ ಕಂಪನಿಗಳಿಗೆ ಸುತ್ತೋಲೆ ಕಳಿಸಿತ್ತು, 2022ರ ಅಕ್ಟೋಬರ್‌ನಲ್ಲಿ ಮತ್ತೊಮ್ಮೆ ಎಚ್ಚರಿಸಿತ್ತು. ಹಾಗಾದರೆ ಉಳಿದ ತಕರಾರು ಒಂದೇ: ಹುಡುಗಿಯನ್ನು ಆಸ್ಪತ್ರೆಯಲ್ಲಿ ಇಡುವ ಅಗತ್ಯವಿತ್ತೇ?

ಬಿಡುಗಡೆ ಪತ್ರದಲ್ಲಿ ಇದಕ್ಕೆ ಉತ್ತರವೇ ಇರಲಿಲ್ಲ. ‘ಖಿನ್ನತೆ, ಔಷಧ ನೀಡಲಾಗಿದೆ, ಸುಧಾರಿಸಿದೆ’ ಎಂದಷ್ಟೇ ಇತ್ತು. ಮತ್ತೆ ಶಿವಮೊಗ್ಗಕ್ಕೆ ಹೋಗಿ ವೈದ್ಯರ ಮುಂದೆ ಕುಳಿತೆ. ಅವರು ಒಂದು ಪುಟದ ಪತ್ರ ಬರೆದುಕೊಟ್ಟರು. ತೀವ್ರ ಖಿನ್ನತೆ, ರೋಗಸಂಕೇತ ಎಫ್ 32.2, ದಾಖಲಾದಾಗ ಎಷ್ಟು ತೂಕ ಇಳಿದಿತ್ತು, ಆಹಾರ ನಿರಾಕರಿಸುತ್ತಿದ್ದಳು, ಜೀವಕ್ಕೆ ಅಪಾಯವಿತ್ತು, ಔಷಧದ ಪ್ರಮಾಣವನ್ನು ಯಾವ ದಿನ ಎಷ್ಟು ಏರಿಸಿದರು, ರಾತ್ರಿ ಪಾಳಿಯ ನರ್ಸ್ ಏನು ದಾಖಲಿಸಿದ್ದರು, ಮನೆಯಲ್ಲಿ ಇದೆಲ್ಲ ಏಕೆ ಸಾಧ್ಯವಿರಲಿಲ್ಲ. ಕೇಸ್ ಶೀಟಿನ ನಕಲನ್ನೂ ಕೇಳಿ ಪಡೆದೆ. ದಾಖಲೆ ಪಡೆಯುವುದು ಆ ಕಾಯ್ದೆಯೇ ಕೊಟ್ಟ ಹಕ್ಕು. ಆಸ್ಪತ್ರೆಯ ನೋಂದಣಿ ಮತ್ತು ಹಾಸಿಗೆಗಳ ಸಂಖ್ಯೆಯ ಪ್ರಮಾಣಪತ್ರವನ್ನೂ ಲಗತ್ತಿಸಿದೆ. ಪಾಲಿಸಿಯ ಲೆಕ್ಕದಲ್ಲಿ ಆಸ್ಪತ್ರೆ ಎನಿಸಿಕೊಳ್ಳಲು ಕಾನೂನಿನಡಿ ನೋಂದಣಿ ಆಗಿರಬೇಕು, ಇಲ್ಲವೇ ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರಿನಲ್ಲಿ ಕನಿಷ್ಠ 10 ಹಾಸಿಗೆಯಂತಹ ಷರತ್ತುಗಳನ್ನು ಪೂರೈಸಬೇಕು. ಸಣ್ಣ ನರ್ಸಿಂಗ್ ಹೋಮಿಗೆ ಹೋಗುವವರು ಇದನ್ನು ಮೊದಲೇ ವಿಚಾರಿಸಿಕೊಳ್ಳಿ.

ಎಲ್ಲವನ್ನೂ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇಮೇಲ್‌ನಲ್ಲೂ ರಿಜಿಸ್ಟರ್ ಅಂಚೆಯಲ್ಲೂ ಕಳಿಸಿದೆ. ಅಲ್ಲಿಯೂ ಆಗದಿದ್ದರೆ ವಿಮಾ ದೂರುಗಳನ್ನು ಇತ್ಯರ್ಥ ಮಾಡುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ದೂರು ಕೊಡುವುದಾಗಿ ಬರೆದಿದ್ದೆ. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ. ಆ ಪ್ರಮೇಯ ಬರಲಿಲ್ಲ. ಕೈಗವಸು, ಸಿರಿಂಜ್‌ನಂತಹ ಬಾಬತ್ತುಗಳನ್ನು ಕಳೆದು ಉಳಿದ ಹಣ ಖಾತೆಗೆ ಬಂತು. ಬಿಡುಗಡೆಯ ನಂತರದ ಅರವತ್ತು ದಿನಗಳ ಔಷಧದ ಬಿಲ್ಲುಗಳಿಗೂ ನಮ್ಮ ಪಾಲಿಸಿಯಲ್ಲಿ ಅವಕಾಶವಿತ್ತು.

ಆದರೆ ನನ್ನ ಸಿಟ್ಟು ಪೂರ್ತಿ ಇಳಿದಿಲ್ಲ. ಮಗಳು ಮಲಗಿಬಿಡುವ ಹಂತಕ್ಕೆ ಬಂದಾಗ ಹಣ ಕೊಡುವ ಪಾಲಿಸಿ, ಅದಕ್ಕಿಂತ ತಿಂಗಳುಗಳ ಮೊದಲೇ ಬೇಕಿದ್ದ ಆಪ್ತಸಮಾಲೋಚನೆಗೆ ಬಿಡಿಗಾಸೂ ಕೊಡುವುದಿಲ್ಲ. ಹೆಚ್ಚಿನ ಪಾಲಿಸಿಗಳಲ್ಲಿ ಇಪ್ಪತ್ನಾಲ್ಕು ಗಂಟೆ ದಾಖಲಾಗಿದ್ದರೆ ಮಾತ್ರ ಲೆಕ್ಕಕ್ಕೆ. ಹರೆಯದವರಿಗೆ ಮುಖ್ಯವಾಗಿ ಬೇಕಿರುವುದು ವಾರಕ್ಕೊಮ್ಮೆ ಕುಳಿತು ಮಾತನಾಡುವ ತಜ್ಞರು. ಈಗ ನಾವು ಸರ್ಕಾರದ ಮಾನಸಿಕ ಆರೋಗ್ಯ ಶಿಬಿರವಾದ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರಗಳಲ್ಲಿ ತಾಲ್ಲೂಕು ಆಸ್ಪತ್ರೆಗೆ ಹೋಗುತ್ತೇವೆ. ರಾತ್ರಿ ಹೊತ್ತು ಕಷ್ಟವಾದರೆ ಮಗಳು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡುತ್ತಾಳೆ. ಕನ್ನಡದಲ್ಲಿಯೇ ಮಾತನಾಡುತ್ತಾರೆ, ಶುಲ್ಕವಿಲ್ಲ. ಮನೆಯೊಳಗೆ ಸಿಗ್ನಲ್ ಸಿಗದ ಕಾರಣ ಅವಳು ನಿಂತು ಮಾತನಾಡುವ ಅಂಗಳದ ಮೂಲೆಗೆ ಒಂದು ದೀಪ ಹಾಕಿಸಿದ್ದೇನೆ.

ಹಣ ಪಡೆದಿರಿ ಎಂಬ ಕಾರಣಕ್ಕೆ ಕಂಪನಿ ನವೀಕರಣವನ್ನು ನಿರಾಕರಿಸುವಂತಿಲ್ಲ. ಈ ಸಲ ಏಜೆಂಟರು ಬಂದಾಗ ಹೊರರೋಗಿ ಚಿಕಿತ್ಸೆಯೂ ಸೇರಿರುವ ಪಾಲಿಸಿಯ ವಿವರ ಕೇಳಿದ್ದೇನೆ. ಆಪ್ತಸಮಾಲೋಚನೆ ಅದರಲ್ಲಿ ಸೇರಿದೆಯೇ, ವರ್ಷಕ್ಕೆ ಎಷ್ಟರವರೆಗೆ ಎಂಬುದನ್ನು ಬರಹದಲ್ಲಿ ಕೊಟ್ಟ ಮೇಲೆಯೇ ಕಂತು ಕಟ್ಟುತ್ತೇನೆ ಎಂದಿದ್ದೇನೆ.